ಸಾರಥಿಯ ಜಾಗದಲ್ಲಿ ಶಲ್ಯ

ನಮ್ಮ ಸೋದರಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. 2009ರಲ್ಲಿ ಅದೇ ಶಾಲೆಯ ಗೆಳೆಯನೊಬ್ಬನ ಮೂರು ಲಕ್ಷ ರೂಪಾಯಿ ಸಾಲಕ್ಕೆ ಊರಿನ ಒಂದು ಸೊಸೈಟಿಯಲ್ಲಿ ಜಾಮೀನು ನಿಂತರು. ಗೆಳೆಯ ಏಳು ಕಂತು ಕಟ್ಟಿ ನಿಲ್ಲಿಸಿದ. ಮೊದಲು ಸಾದಾ ಪತ್ರ ಬಂತು, ಆಮೇಲೆ ರಿಜಿಸ್ಟರ್ಡ್ ನೋಟಿಸು. ಕೊನೆಗೊಂದು ದಿನ ಶಾಲೆಯ ಗುಮಾಸ್ತರು ಮಾವನನ್ನು ಬದಿಗೆ ಕರೆದು, ‘ಈ ತಿಂಗಳಿಂದ ನಿಮ್ಮ ಸಂಬಳದಲ್ಲಿ ಕಡಿತ ಇದೆ ಸಾರ್’ ಎಂದರು.

ಇಂಥ ಕಥೆ ಯಾವ ತಾಲ್ಲೂಕಿಗೆ ಹೋದರೂ ಒಂದಾದರೂ ಸಿಗುತ್ತದೆ. ಸುಸ್ತಿ, ಶ್ಯೂರಿಟಿ, ನೋಟಿಸು ಎಂಬ ಮಾತುಗಳು ಸಂಬಳದಾರರ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿಯಷ್ಟೇ ಹಳೆಯವು. ಆದ್ದರಿಂದ ಹಣದ ಭಾಗವನ್ನು ಬೆಳೆಸುವುದಿಲ್ಲ. ನನ್ನನ್ನು ಕಾಡಿದ್ದು ಎಷ್ಟೋ ವರ್ಷಗಳ ನಂತರ ಮಾವ ಜಗಲಿಯ ಮೇಲೆ ಕೂತು ಆಡಿದ ಮಾತು: ‘ದುಡ್ಡು ಹೋಗಿದ್ದು ದೊಡ್ಡದಲ್ಲ ಕಣೋ. ಅದಾದ ಮೇಲೆ ಅಂಗಡೀಲಿ ಚಿಲ್ಲರೆ ಎಣಿಸ್ಕೊಂಡ್ರೂ ಸರಿಯಾಗಿ ಎಣಿಸಿದ್ನಾ ಅಂತ ಅನುಮಾನ. ನನ್ನ ಕಣ್ಣನ್ನ ನಾನೇ ನಂಬ್ತಿರಲಿಲ್ಲ.’

ದ್ರೋಹಕ್ಕೆ ಕನ್ನಡದಲ್ಲಿ ಇರುವ ನುಡಿಗಟ್ಟನ್ನೇ ನೋಡಿ. ನಂಬಿಸಿ ಕತ್ತು ಕೊಯ್ಯುವುದು. ಅದರಲ್ಲಿ ಎರಡು ಕೆಲಸಗಳಿವೆ. ಊರು ಮಾತಾಡುವುದು ಎರಡನೆಯದರ ಬಗ್ಗೆ: ಎಷ್ಟು ಹೋಯಿತು, ಯಾರು ಓಡಿಹೋದರು, ಕೇಸು ಏನಾಯಿತು. ಆದರೆ ಬಹಳ ಕಾಲ ನೋಯುವುದು ಮೊದಲನೆಯದು. ನಂಬಿಸುವಾಗ ಅವನು ಬಳಸಿಕೊಂಡದ್ದು ನಮ್ಮದೇ ವಿವೇಚನೆಯನ್ನು. ಕತ್ತಿನ ಗಾಯ ಮಾಗಿದ ಮೇಲೂ ‘ಇನ್ನು ಮುಂದೆ ಯಾರು ಸರಿ, ಯಾರು ತಪ್ಪು ಅಂತ ನನಗೆ ತಿಳಿಯುತ್ತದೆಯೇ’ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ದ್ರೋಹದ ನಂತರ ಶಕ್ತಿ ತಂದುಕೊಳ್ಳುವುದು ಹೇಗೆ ಎಂದು ಕೇಳುವವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಧೈರ್ಯ, ಕ್ಷಮೆ, ಕಾಲ ಎಂಬ ಮೂರು ಮಾತು. ನನಗೆ ಕಂಡಂತೆ ಇವು ಮೂರೂ ಆಮೇಲಿನವು. ಮೊದಲು ಮರಳಿ ಬರಬೇಕಾದದ್ದು ನಮ್ಮ ಕಣ್ಣಿನ ಮೇಲೆ ನಮಗಿದ್ದ ಭರವಸೆ.

ಅದು ಹೋದದ್ದಾದರೂ ಹೇಗೆ? ಮಾವ ಮೊದಲ ಸಲ ಕಂತಿನ ವಿಷಯ ಎತ್ತಿದಾಗ ಗೆಳೆಯ ಕಣ್ಣಲ್ಲಿ ನೀರು ತಂದುಕೊಂಡ. ಎರಡನೆಯ ಸಲ, ‘ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?’ ಎಂದ. ಮೂರನೆಯ ಸಲ, ‘ಸಾಲ ತಗೋ ಅಂತ ಹುರಿದುಂಬಿಸಿದ್ದೇ ನೀನು, ಈಗ ಹೀಗಂತೀಯಾ’ ಎಂದ. ಆಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ, ಮಾವ ಇಲ್ಲದಾಗ, ‘ಮನೇಲಿ ತಾಯಿ ಹಾಸಿಗೆ ಹಿಡಿದಿರೋವಾಗ ಮೇಷ್ಟ್ರು ಬಂದು ಲೆಕ್ಕ ಕೇಳಿದ್ರು’ ಎಂದು ನಿಟ್ಟುಸಿರು ಬಿಟ್ಟ. ಸಂಬಳ ಕಡಿತವಾಗುತ್ತಿದ್ದುದು ಮಾವನಿಗೆ, ಸಹೋದ್ಯೋಗಿಗಳ ಮರುಕ ಅವನಿಗೆ. ಅದೇ ವರ್ಷ ಅವನ ಮನೆ ಮುಂದೆ ಸೆಕೆಂಡ್ ಹ್ಯಾಂಡ್ ಕಾರೊಂದು ಬಂದು ನಿಂತದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

‘ಹುರಿದುಂಬಿಸಿದ್ದೇ ನೀನು’ ಎಂಬ ಮಾತು ಮಾವನ ತಲೆಯೊಳಗೆ ಕೂತುಬಿಟ್ಟಿತು. ಹೌದೇನೋ, ನಾನೇ ಹೇಳಿದ್ದೆನೇನೋ ಎಂದು ತಾವೇ ನಂಬತೊಡಗಿದರು. ಈಗಿನ ಹುಡುಗರು ಇದನ್ನು ಗ್ಯಾಸ್‌ಲೈಟಿಂಗ್ ಎನ್ನುತ್ತಾರೆ. ಬ್ರಿಟನ್ನಿನ ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ನಾಟಕದಿಂದ ಬಂದ ಮಾತು ಅದು. ಗಂಡ ಕದ್ದುಮುಚ್ಚಿ ಮೇಲಂತಸ್ತಿನಲ್ಲಿ ಒಡವೆ ಹುಡುಕುತ್ತಾನೆ. ಅವನು ಅಲ್ಲಿ ದೀಪ ಹಚ್ಚಿದಾಗ ಕೆಳಗಿನ ಗ್ಯಾಸ್ ದೀಪ ಮಂಕಾಗುತ್ತದೆ. ಹೆಂಡತಿ ಅದನ್ನು ಕಾಣುತ್ತಾಳೆ. ಅದೆಲ್ಲ ನಿನ್ನ ಭ್ರಮೆ ಎಂದು ಅವನು ಅವಳನ್ನೇ ಹುಚ್ಚಿಯಾಗಿಸಲು ನೋಡುತ್ತಾನೆ. 1944ರ ಹಾಲಿವುಡ್ ಸಿನಿಮಾದಲ್ಲಿ ಆ ಹೆಂಡತಿಯ ಪಾತ್ರಕ್ಕೆ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು. ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು 2022ರ ವರ್ಷದ ಪದವಾಗಿ ಆರಿಸಿದ್ದು ಇದನ್ನೇ. ಇನ್ನು ‘ಟಾಕ್ಸಿಕ್’ ಎಂಬ ಮಾತು ಆಕ್ಸ್‌ಫರ್ಡ್‌ನವರ 2018ರ ಪದ. ಪದಗಳು ಇಷ್ಟು ಬೇಗ ಜನಪ್ರಿಯವಾದರೆ ಕಂಡಕಂಡವರಿಗೆಲ್ಲ ಅಂಟಿಸುವ ಚಪಲವೂ ಹುಟ್ಟುತ್ತದೆ. ಆ ಮಾತಿಗೆ ಮತ್ತೆ ಬರುತ್ತೇನೆ.

ಸ್ಟಾಫ್ ರೂಮಿನ ನಿಟ್ಟುಸಿರಿಗೂ ಮನಃಶಾಸ್ತ್ರದಲ್ಲಿ ಜಾಗವಿದೆ. ಅಮೆರಿಕದ ಜೆನಿಫರ್ ಫ್ರೈಡ್ 1997ರಲ್ಲಿ ಅದನ್ನು ವಿವರಿಸಿದರು: ತಪ್ಪು ಮಾಡಿದವನು ಮೊದಲು ಇಲ್ಲ ಎನ್ನುತ್ತಾನೆ, ನಂತರ ಕೇಳಿದವನ ಮೇಲೆಯೇ ಏರಿ ಹೋಗುತ್ತಾನೆ, ಕೊನೆಗೆ ತಾನೇ ನೊಂದವನಾಗಿ ನಿಲ್ಲುತ್ತಾನೆ. ಕಳ್ಳನಿಗೊಂದು ಪಿಳ್ಳೆ ನೆವ ಎಂದು ನಾವು ನಗಾಡಿ ಬಿಡುತ್ತೇವೆ. ನೆವ ಇಲ್ಲಿ ಮೂರು ಮೆಟ್ಟಿಲು ಹತ್ತಿರುತ್ತದೆ.

ಆದರೆ ಇದನ್ನೆಲ್ಲ ತಿಳಿಯಲು ಹಾಲಿವುಡ್ಡಿನ ತನಕ ಹೋಗಬೇಕಿಲ್ಲ. ತೇಜೋವಧೆ ಎಂಬ ಪದವನ್ನು ನಾವು ದಿನಪತ್ರಿಕೆಯಲ್ಲಿ ವಾರಕ್ಕೆರಡು ಸಲ ಓದುತ್ತೇವೆ. ರಾಜಕಾರಣಿಗಳು ಒಬ್ಬರ ಮೇಲೊಬ್ಬರು ಹೊರಿಸುವ ಆರೋಪ. ಅದರ ಹಿಂದಿನ ಕಥೆ ಮಹಾಭಾರತದ್ದು. ಪಾಂಡವರನ್ನು ಸೇರಲು ಸೇನೆಯೊಂದಿಗೆ ಹೊರಟ ಮದ್ರದ ರಾಜ ಶಲ್ಯನಿಗೆ ದಾರಿಯುದ್ದಕ್ಕೂ ಸತ್ಕಾರ ನಡೆಯುತ್ತದೆ. ಇದು ಧರ್ಮರಾಯನ ಏರ್ಪಾಡು ಎಂದುಕೊಂಡು ಶಲ್ಯ ಹಿಗ್ಗುತ್ತಾನೆ, ವರ ಕೇಳು ಎನ್ನುತ್ತಾನೆ. ಮುಂದೆ ಬಂದು ನಿಂತವನು ದುರ್ಯೋಧನ. ಉಂಡ ಋಣಕ್ಕೆ ಕಟ್ಟುಬಿದ್ದ ಶಲ್ಯ ಅತ್ತ ಸೇರಬೇಕಾಯಿತು. ಇತ್ತ ಬಂದು ವಿಷಯ ತಿಳಿಸಿದಾಗ ಧರ್ಮರಾಯ ಕೇಳಿಕೊಂಡದ್ದು ಒಂದನ್ನೇ: ನೀನು ಕರ್ಣನ ಸಾರಥಿಯಾಗುವ ದಿನ ಬರುತ್ತದೆ, ಆಗ ಅವನ ತೇಜಸ್ಸನ್ನು ಕುಗ್ಗಿಸು. (ಮಹಾಭಾರತದಲ್ಲಿ ಸೋದರಮಾವಂದಿರಿಗೆ ಒಳ್ಳೆಯ ಹೆಸರಿಲ್ಲ. ಶಕುನಿ ಕೌರವರ ಸೋದರಮಾವ, ಶಲ್ಯ ನಕುಲ ಸಹದೇವರ ಸೋದರಮಾವ. ನಮ್ಮ ಮಾವ ಈ ಪಟ್ಟಿಗೆ ಸೇರಿದವರಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ.)

ಕರ್ಣಪರ್ವದಲ್ಲಿ ಶಲ್ಯ ಮಾಡುವ ಕೆಲಸವನ್ನು ಗಮನಿಸಿ. ಅವನು ಕುದುರೆಯನ್ನು ದಾರಿ ತಪ್ಪಿಸುವುದಿಲ್ಲ, ಬಿಲ್ಲು ಮುರಿಯುವುದಿಲ್ಲ. ಹಿಂದೆ ಕೂತವನ ಕಿವಿಗೆ ಬೀಳುವಂತೆ ಮಾತಾಡುತ್ತಾನೆ, ಅಷ್ಟೇ. ಅರ್ಜುನನ ಮುಂದೆ ನೀನೆಷ್ಟರವನು ಎನ್ನುತ್ತಾನೆ. ಎಂಜಲು ತಿಂದು ಕೊಬ್ಬಿದ ಕಾಗೆಯೊಂದು ಹಂಸದೊಡನೆ ಕಡಲ ಮೇಲೆ ಹಾರುವ ಪಂದ್ಯ ಕಟ್ಟಿದ ಕಥೆ ಹೇಳುತ್ತಾನೆ. ಕರ್ಣನಿಗೆ ಇದರ ಮರ್ಮ ತಿಳಿಯದೆ ಇಲ್ಲ. ಆದರೂ ಉತ್ತರ ಕೊಡದೆ ಇರಲಾರ. ಶಲ್ಯನನ್ನೂ ಅವನ ನಾಡನ್ನೂ ಬಾಯಿಗೆ ಬಂದಂತೆ ಹಳಿಯುತ್ತಾನೆ. ಅರ್ಜುನನಿಗೆಂದು ಉಳಿಸಿಕೊಳ್ಳಬೇಕಿದ್ದ ಉಸಿರು ಸಾರಥಿಯೊಂದಿಗಿನ ಜಗಳಕ್ಕೆ ಖರ್ಚಾಗುತ್ತದೆ. ಎಲ್ಲಾದರೂ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಗಳಿಂದ ಈ ಪ್ರಸಂಗ ಕೇಳಿ. ಶಲ್ಯನ ದನಿ ಒರಟಾಗಿ ಇರುವುದೇ ಇಲ್ಲ. ಹಿತೈಷಿಯ ದನಿ, ಮನೆಯ ಹಿರಿಯನ ದನಿ. ಎದುರಾಳಿಯ ಬಾಣ ಎದುರಿನಿಂದ ಬರುತ್ತದೆ, ಗುರಾಣಿ ಹಿಡಿಯಬಹುದು. ಲಗಾಮು ಹಿಡಿದವನ ಮಾತಿಗೆ ಹಿಡಿಯುವ ಗುರಾಣಿ ಯಾವುದು? ನಡು ರಣರಂಗದಲ್ಲಿ ಕರ್ಣ ಅವನನ್ನು ಇಳಿಸುವಂತೆಯೂ ಇರಲಿಲ್ಲ.

ಮಾವನೂ ಹಾಗೇ ಎರಡು ವರ್ಷ ಉತ್ತರ ಕೊಡುತ್ತಲೇ ಇದ್ದರು. ಅವನ ಮನೆಗೆ ಹೋಗುವುದು, ವಿವರಿಸುವುದು, ಅವನಿಂದ ಒಂದು ‘ಹೌದು, ತಪ್ಪಾಯ್ತು’ ಕೇಳಲು ಕಾಯುವುದು. ‘ಯಾಕ್ರೀ ಮತ್ತೆ ಮತ್ತೆ ಹೋಗ್ತೀರಿ?’ ಎಂದು ಅತ್ತೆ ಸಿಟ್ಟಾಗುತ್ತಿದ್ದರು. ಹೊರಗಿನಿಂದ ನೋಡುವವರಿಗೆಲ್ಲ ಕಾಡುವ ಪ್ರಶ್ನೆ ಅದು. ಇಷ್ಟೆಲ್ಲ ಆದ ಮೇಲೂ ಜನ ಯಾಕೆ ಅಂಥವರ ಬಾಗಿಲಿಗೇ ಹೋಗುತ್ತಾರೆ?

ಒಂದು ಉತ್ತರ ಪಾರಿವಾಳಗಳಿಂದ ಬಂದಿದೆ. ಮನಃಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿವರಗಳಿವೆ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತರೆ ಬೇಗ ಬಿಟ್ಟುಬಿಡುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದ ಹಕ್ಕಿ ಮಾತ್ರ ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ನಮ್ಮ ಊರುಗಳ ಓಸಿ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಒಂದು ಸಲ ಹೊಡೆದ ನಂಬರು ಮನುಷ್ಯನನ್ನು ಹತ್ತು ವರ್ಷ ಆಡಿಸುತ್ತದೆ. ಮಾವನ ಗೆಳೆಯ ಯುಗಾದಿಗೆ ಒಬ್ಬಟ್ಟು ಕಟ್ಟಿಸಿಕೊಂಡು ಮನೆಗೆ ಬಂದದ್ದುಂಟು. ಅವನು ಸದಾಕಾಲ ಕೆಟ್ಟವನಾಗಿದ್ದರೆ ಮಾವ ಯಾವಾಗಲೋ ಬಿಡಿಸಿಕೊಳ್ಳುತ್ತಿದ್ದರು. ಹೊಡೆಯುವ ಗಂಡನನ್ನು ಬಿಡಲಾರದ ಹೆಂಗಸರ ಬಗ್ಗೆ ಕೆನಡಾದ ಡಟನ್ ಮತ್ತು ಪೇಂಟರ್ 1981ರಲ್ಲಿ ಬರೆದದ್ದೂ ಇದನ್ನೇ: ನೋವು ಮತ್ತು ಅಕ್ಕರೆ ಸರದಿಯಲ್ಲಿ ಬಂದಾಗ ಗಂಟು ಬಿಗಿಯಾಗುತ್ತದೆ. ಮೃದು ಮನಸ್ಸು, ದಡ್ಡತನ ಎಂದು ಹಂಗಿಸಿದರೆ ಅದು ಸಡಿಲವಾಗುವುದಿಲ್ಲ.

ಇನ್ನೊಂದು ಉತ್ತರ ಮತ್ತೆ ಫ್ರೈಡ್ ಅವರದು. ಯಾರನ್ನು ನೆಚ್ಚಿ ಬದುಕುತ್ತೇವೋ ಅವರ ದ್ರೋಹವನ್ನು ಕಾಣದಿರುವುದೇ ಕೆಲವೊಮ್ಮೆ ಬದುಕುವ ದಾರಿ. ಮಗುವಿಗೆ ತಂದೆತಾಯಿ, ಸೊಸೆಗೆ ಗಂಡನ ಮನೆ, ಕೂಲಿಗೆ ಯಜಮಾನ. ಕಂಡರೆ ಎದ್ದು ಹೋಗಬೇಕು, ಹೋಗಲು ಜಾಗವಿಲ್ಲ. ಆದ್ದರಿಂದ ಕಣ್ಣೇ ಮಂಕಾಗುತ್ತದೆ. ‘ಮೊದಲೇ ಗೊತ್ತಾಗಲಿಲ್ವಾ ನಿಂಗೆ?’ ಎಂದು ನೊಂದವರನ್ನು ಕೇಳುವ ನೆಂಟರು ಇದೊಂದನ್ನು ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ಎರಡನೆಯ ಗಾಯ ತಪ್ಪುತ್ತಿತ್ತು.

ಈಗ ಆ ಚಪಲದ ಮಾತು. ಸಾಲ ತೀರಿಸದವರೆಲ್ಲ ವಿಷವಲ್ಲ. ಅಡಿಕೆಗೆ ಕೊಳೆ ಬಂದು ಕಂತು ತಪ್ಪಿಸಿದವನು, ಕೆಲಸ ಹೋಗಿ ಕೈಚೆಲ್ಲಿದವನು ನಮ್ಮನ್ನು ಕಂಡರೆ ತಲೆ ತಗ್ಗಿಸುತ್ತಾನೆ, ದಾರಿ ಬದಲಿಸುತ್ತಾನೆ. ಅವನಿಗೆ ನಾಚಿಕೆಯಿದೆ. ಆ ನಾಚಿಕೆಯನ್ನು ನಮ್ಮ ತಲೆಗೆ ಕಟ್ಟುವವನು ಬೇರೆ ಜಾತಿಯವನು. ಒಂದು ಸಲ ಮಾತು ತಪ್ಪಿದವನಿಗೂ, ಮಾತು ತಪ್ಪಿ ಅದನ್ನು ನಮ್ಮ ತಪ್ಪಾಗಿಸಿ ಮತ್ತೆ ಅದನ್ನೇ ಮಾಡುವವನಿಗೂ ಇರುವ ಅಂತರವನ್ನು ಮರೆತರೆ ಊರಿನ ಅರ್ಧ ಜನ ಟಾಕ್ಸಿಕ್ ಆಗಿಬಿಡುತ್ತಾರೆ, ಉಳಿದರ್ಧದಲ್ಲಿ ನಾವೂ ಇರುವ ಖಾತರಿಯಿಲ್ಲ.

ಮಾವನ ಕಣ್ಣು ಮರಳಿ ಬಂದದ್ದು ಒಂದು ಕ್ಯಾಲೆಂಡರಿನಿಂದ. ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವಂತೆ ಅತ್ತೆಯ ಅಡುಗೆಮನೆಯ ಗೋಡೆಯಲ್ಲೂ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಯಾರು ಬಂದರು ಹೋದರು, ಎಲ್ಲವೂ ಆ ಚೌಕದೊಳಗೆ. ಹಳೆಯದನ್ನು ಎಸೆಯುತ್ತಿರಲಿಲ್ಲ, ಟ್ರಂಕಿನ ತಳಕ್ಕೆ ಹಾಸುತ್ತಿದ್ದರು. 2011ರಲ್ಲೊಂದು ದಿನ ಮದುವೆಗೆ ಹೋಗಲು ರೇಷ್ಮೆ ಸೀರೆ ತೆಗೆಯುವಾಗ 2009ರ ಹಾಳೆ ಕೈಗೆ ಬಂತು. ಒಂದು ಚೌಕದಲ್ಲಿ ಅತ್ತೆಯ ದುಂಡನೆಯ ಅಕ್ಷರ: ‘ಸಾಲಕ್ಕೆ ಸೈನು ಕೇಳಲು ಬಂದಿದ್ದರು. ಇವರು ಬೇಡ ಅಂದರು. ಹಾಲು 1½.’ ಮೂರು ದಿನ ಬಿಟ್ಟು: ‘ಮತ್ತೆ ಬಂದರು. ಅತ್ತರು. ಹಾಲು 2.’

ಮಾವ ಆ ಹಾಳೆಯನ್ನು ಹಿಡಿದು ನಡುಮನೆಯಲ್ಲಿ ಬಹಳ ಹೊತ್ತು ಕೂತಿದ್ದರಂತೆ. ಇವರು ಬೇಡ ಅಂದರು. ಹಾಗಾದರೆ ಹುರಿದುಂಬಿಸಿದ್ದು ನಾನಲ್ಲ. ನನ್ನ ನೆನಪು ಕೆಟ್ಟಿಲ್ಲ. ಆ ದಿನ ನನ್ನ ಬುದ್ಧಿ ಸರಿಯಾಗಿಯೇ ಹೇಳಿತ್ತು, ಮೂರನೆಯ ದಿನ ನಾನು ಅದನ್ನು ಬದಿಗಿಟ್ಟೆ. ಇದರಿಂದ ಒಂದು ರೂಪಾಯಿಯೂ ವಾಪಸು ಬರಲಿಲ್ಲ. ಆದರೆ ಮರುದಿನದಿಂದ ಮಾವ ಅವನ ಮನೆಗೆ ಹೋಗುವುದನ್ನು ಬಿಟ್ಟರು. ಅವನ ಬಾಯಿಂದ ‘ಹೌದು’ ಕೇಳುವ ಅಗತ್ಯವೇ ಉಳಿದಿರಲಿಲ್ಲ.

ಕ್ಯಾಲೆಂಡರು ಎಲ್ಲರ ಟ್ರಂಕಿನಲ್ಲಿ ಇರುವುದಿಲ್ಲ, ಆದರೆ ಬರೆಯುವುದು ಎಲ್ಲರಿಗೂ ಸಾಧ್ಯ. ಇಂಥ ಸಂಬಂಧದಲ್ಲಿ ಇರುವವರಿಗೂ ಹೊರಬಂದವರಿಗೂ ನಾನು ಹೇಳುವುದು ಅದೊಂದನ್ನೇ: ಏನಾಯಿತು, ಯಾವತ್ತು, ಯಾರು ಏನೆಂದರು ಎಂದು ಬರೆದಿಡಿ. ಮೆಸೇಜುಗಳನ್ನು ಅಳಿಸಬೇಡಿ. ಸಿಟ್ಟಿನ ವಿಶೇಷಣ ಬೇಡ, ಹಾಲಿನ ಲೆಕ್ಕದಂತೆ ಇರಲಿ. ಭಾವನೆ ಬರೆಯುವುದಿದ್ದರೆ ಅದಕ್ಕೆ ಬೇರೆ ಪುಸ್ತಕ ಇಡಿ, ಅದಕ್ಕೂ ಬೆಲೆಯಿದೆ. ಸಂಶೋಧಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ಬದುಕಿನ ಅತಿ ನೋವಿನ ಘಟನೆಯ ಬಗ್ಗೆ ಬರೆಸಿದರು. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆದ ದಿನ ಮಾತ್ರ ಅವರ ಮನಸ್ಸು ಮೊದಲಿಗಿಂತ ಭಾರವಾಗಿತ್ತು. ನಂತರದ ಅಧ್ಯಯನಗಳಲ್ಲಿ ಇದರ ಫಲ ಇದೆ, ಆದರೆ ಸಣ್ಣದು ಎಂದೇ ಕಂಡಿದೆ. ಪವಾಡವಲ್ಲ, ಪೆನ್ನು ಪೇಪರಿನ ಖರ್ಚಿಗೆ ಮೋಸವಿಲ್ಲ.

ಕಾನೂನು ತಿಳಿಯುವುದೂ ಕಣ್ಣು ತಿಳಿಯಾಗುವ ಒಂದು ಬಗೆ. ಜಾಮೀನುದಾರ ಹೆಸರಿಗಷ್ಟೇ ಎಂದು ನಮ್ಮಲ್ಲಿ ಹೇಳಿ ಸಹಿ ಹಾಕಿಸುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಆದರೆ ಅದೇ ಕಾಯ್ದೆಯ 140 ಮತ್ತು 145ನೇ ಕಲಂಗಳು ಹೇಳುವುದನ್ನು ಯಾರೂ ಹೇಳಿಕೊಡುವುದಿಲ್ಲ: ಸಾಲ ತೀರಿಸಿದ ಜಾಮೀನುದಾರ ಸಾಲ ಕೊಟ್ಟವನ ಹಕ್ಕುಗಳನ್ನೆಲ್ಲ ಪಡೆಯುತ್ತಾನೆ, ತಾನು ನ್ಯಾಯವಾಗಿ ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡಬಹುದು. ಅದಕ್ಕಿರುವ ಅವಧಿ, ಕಟ್ಟಿದ ದಿನದಿಂದ ಮೂರು ವರ್ಷ. ಮಾವ ವಕೀಲರನ್ನು ಕಾಣುವ ಹೊತ್ತಿಗೆ ಮೊದಲ ಕಂತುಗಳ ಅವಧಿ ತೀರುತ್ತ ಬಂದಿತ್ತು. ದಾವೆ ಹೂಡಿದರು, ಒಂದಿಷ್ಟು ಬಂತು. ಪೂರ್ತಿ ಅಲ್ಲ.

ಮನೆಯೊಳಗೇ ಶಲ್ಯನಿದ್ದರೆ ದಾರಿ ಇದಕ್ಕಿಂತ ಕಷ್ಟ. 2006ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಹೊಡೆತವನ್ನಷ್ಟೇ ಅಲ್ಲ, ಮಾತಿನಿಂದ ಹೀಯಾಳಿಸಿ ಕುಗ್ಗಿಸುವುದನ್ನೂ ಹಣ ಕೊಡದೆ ಕಟ್ಟಿಹಾಕುವುದನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. ಮಹಿಳಾ ಸಹಾಯವಾಣಿ 181. ಮನಸ್ಸು ಕುಸಿದು ನಿದ್ದೆ, ಊಟ ಬಿಟ್ಟವರಿಗೆ, ಸಾಯುವ ಯೋಚನೆ ಬಂದವರಿಗೆ ಟೆಲಿ ಮಾನಸ್ ಇದೆ, 14416. ನಮ್ಮ ನಿಮ್ಹಾನ್ಸ್‌ ಅದರ ಹಿಂದಿನ ಮುಖ್ಯ ಕೇಂದ್ರ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕ್ಷಮೆಯ ಬಗ್ಗೆ ಎರಡೇ ಮಾತು. ‘ಹೋಗ್ಲಿ ಬಿಡು’ ಎನ್ನುವುದು ನಮ್ಮ ಹಿರಿಯರ ಬಾಯಲ್ಲಿ ಪ್ರೀತಿಯ ಮಾತೂ ಹೌದು, ಜಗಳ ಬೇಡವೆಂಬ ಸೋಮಾರಿತನವೂ ಹೌದು. ಕ್ಷಮೆಯನ್ನೇ ಜೀವಮಾನವೆಲ್ಲ ಅಧ್ಯಯನ ಮಾಡಿದ ಅಮೆರಿಕದ ರಾಬರ್ಟ್ ಎನ್‌ರೈಟ್ ಕೂಡ ಕ್ಷಮಿಸುವುದೂ ಮತ್ತೆ ಜೊತೆಗೂಡುವುದೂ ಬೇರೆ ಬೇರೆ ಎನ್ನುತ್ತಾರೆ. ಮಾವ ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿಲ್ಲ. ಆ ಮನುಷ್ಯ ಮಗಳ ಮದುವೆಯ ಕಾಗದ ಕೊಡಲು ಬಂದಾಗ ಅತ್ತೆ ಕಾಫಿ ಕೊಟ್ಟರು, ಮಾವ ಕಾಗದ ತೆಗೆದುಕೊಂಡು ಓದಿ ಟೇಬಲ್ಲಿನ ಮೇಲಿಟ್ಟರು. ಮದುವೆಗೆ ಹೋಗಲಿಲ್ಲ. ಹೋಗದಿರಲು ಕಾರಣವನ್ನೂ ಯಾರಿಗೂ ಹೇಳಲಿಲ್ಲ.

ನಿವೃತ್ತಿಗೆ ಒಂದು ವರ್ಷ ಇರುವಾಗ ಶಾಲೆಗೆ ಹೊಸದಾಗಿ ಬಂದ ಜವಾನ ಹುಡುಗನೊಬ್ಬ, ತಂಗಿಯ ಮದುವೆಗೆ ಸಾಲ ತೆಗೆಯುತ್ತಿದ್ದೇನೆ, ಶ್ಯೂರಿಟಿ ಹಾಕ್ತೀರಾ ಸಾರ್ ಎಂದು ಕೇಳಿದ. ‘ನಾಳೆ ಹೇಳ್ತೀನಪ್ಪ’ ಎಂದರು ಮಾವ. ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಹಳೆಯ ಅಳು, ‘ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ’ ಎಲ್ಲ ಕಿವಿಯಲ್ಲಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅವನನ್ನು ಕರೆದು, ‘ನನ್ನಿಂದ ಆಗಲ್ಲಪ್ಪ’ ಎಂದರು. ಯಾಕೆ ಎಂದು ವಿವರಿಸಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಅವನ ಮುಖವನ್ನೇ ನೋಡುತ್ತ ನಿಂತರು.

ಹುಡುಗ, ‘ಪರವಾಗಿಲ್ಲ ಸಾರ್, ಬೇರೆ ಯಾರನ್ನಾದ್ರೂ ಕೇಳ್ತೀನಿ’ ಎಂದ. ಗಂಟೆ ಹೊಡೆಯಲು ಹೋದ. ಹನ್ನೊಂದು ಗಂಟೆಗೆ ಎಂದಿನಂತೆ ಎಲ್ಲರಿಗೂ ಟೀ ತಂದ. ಮಾವನಿಗೆ ಸಕ್ಕರೆ ಕಡಿಮೆ ಎಂಬುದನ್ನು ಆ ದಿನವೂ ಮರೆತಿರಲಿಲ್ಲ.